ಗೆರೆಯೊಳಗೆ ಕೂತ ಕಣಗಳು

ಮಹಾರಾಷ್ಟ್ರದ ಗಡಿಯ ಉದಗೀರದ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಅಲ್ಲೇ ಮೂಲೆಯ ಕೋಣೆಯಲ್ಲಿ ನನ್ನ ಪಿಎಚ್‌ಡಿ ಕೆಲಸವೂ ನಡೆದಿತ್ತು. ಕೂದಲೆಳೆಗಿಂತ ಎಷ್ಟೋ ಸಣ್ಣ ಪ್ಲಾಸ್ಟಿಕ್ ಕಣಗಳನ್ನು ಸಾಲಾಗಿ ಕೂರಿಸುವ ಕೆಲಸ. ಕೈಯಿಂದ ಕೂರಿಸುವುದಲ್ಲ. ಹಳೆಯ ಸಿಡಿಯ ಮೇಲಿನ ಗೆರೆಗಳ ಅಚ್ಚನ್ನು ಗಾಜಿನ ಮೇಲೆ ತೆಗೆದು, ಕಣ ಬೆರೆಸಿದ ನೀರಿನ ಹನಿಯನ್ನು ಅದರ ಮೇಲೆ ನಿಧಾನವಾಗಿ ಎಳೆಯಬೇಕು. ನೀರು ಹಿಂದೆ ಸರಿಯುತ್ತ ಒಣಗುವಾಗ ಕಣಗಳು ತಾವೇ ಗೆರೆಯೊಳಗೆ ಇಳಿದು ಒಂದರ ಪಕ್ಕ ಒಂದು ಕೂರುತ್ತವೆ. ತವರೂರು ಗುಂಜೋಟಿಯಲ್ಲಿ ಅಪ್ಪ ಕೂರಿಗೆ ಹೂಡಿ ಸಾಲು ಹಿಡಿದು ಬಿತ್ತುವುದನ್ನು ನೋಡಿ ಬೆಳೆದ ನನಗೆ ಇದ್ಯಾವ ದೊಡ್ಡ ಮಾತು ಅನ್ನಿಸಿತ್ತು.

ಆದರೆ ಪ್ರತಿ ಗಾಜಿನ ಮೇಲೂ ಸಾಲುಗಳ ನಡುವೆ ದಪ್ಪ ಬಿಳಿ ಗಂಟುಗಳು. ಕಲಬುರಗಿ ಕಡೆಯವರಾದ ನನ್ನ ಗೈಡ್ ಸೂಕ್ಷ್ಮದರ್ಶಕದಲ್ಲಿ ಇಣುಕಿ, "ಉದಗೀರದ ಧೂಳಿನ್ಯಾಗ ಇದು ಆಗೂದಿಲ್ರೀ ಮೇಡಂ. ಪ್ರಯೋಗ ಪುಣೆ ಲ್ಯಾಬಿನವ್ರಿಗೆ ಕೊಡೂಣು, ನೀವು ಲೆಕ್ಕ ಅಷ್ಟ ಮಾಡ್ರಿ," ಅಂದರು. ನನಗೆ ಮೈಯೆಲ್ಲ ಉರಿಯಿತು. ನಾನು ಕಟ್ಟಿಕೊಂಡ ಕೆಲಸವನ್ನು ಬೇರೆಯವರ ಕೈಗೆ ಯಾಕೆ ಕೊಡಲಿ? ದೀಪಾವಳಿಯವರೆಗೆ ಬಿಡಿ ಎಂದು ಕೇಳಿಕೊಂಡೆ.

ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆಸಿದೆ, ಫ್ಯಾನು ಬಂದ್ ಮಾಡಿಸಿದೆ. ಕಾಲೇಜಿನ ಹಿಂದಿರುವ ಕಾಳಿನ ಅಡತಿ ಅಂಗಡಿಯಲ್ಲಿ ತೊಗರಿ ತೂರುವವರ ಜೊತೆ ಜಗಳ ಆಡಿಯೂ ಬಂದೆ. ಗಂಟುಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಊಟಕ್ಕೆ ಕೂತಿದ್ದೆ. ಅತ್ತೆ ರೊಟ್ಟಿ ಹಾಕುತ್ತ, "ಅಷ್ಟು ಬಗ್ಗಿ ಉಣಬ್ಯಾಡವಾ, ಈಬತ್ತಿ ಪಲ್ಯಾದಾಗ ಬೀಳ್ತದ," ಅಂದರು. ತುತ್ತು ಕೈಯಲ್ಲೇ ಉಳಿಯಿತು. ದಿನಾ ಹಣೆ ತುಂಬ ವಿಭೂತಿ ಬಳಿದುಕೊಂಡು ಹೋಗಿ ಆ ಹನಿಯ ಮೇಲೆ ಮುಖ ಬಗ್ಗಿಸಿ ಕೂರುವವಳು ನಾನೇ. ಬೈದದ್ದು ಮಾತ್ರ ಊರಿನ ಧೂಳಿಗೆ. ನಗು ತಡೆಯಲಾಗಲಿಲ್ಲ.

ವಿಭೂತಿ ಬಿಡುವ ಮಾತೇ ಇರಲಿಲ್ಲ. ಹೊಲದಲ್ಲಿ ರಾಶಿ ಮಾಡುವ ಹೆಂಗಸರ ಹಾಗೆ ಹುಬ್ಬಿನವರೆಗೆ ಅರಿವೆ ಬಿಗಿದುಕೊಂಡು ಕೂತೆ. ಅವತ್ತಿನ ಗಾಜಿನಲ್ಲಿ ಒಂದು ಗಂಟೂ ಇರಲಿಲ್ಲ.

ದೀಪಾವಳಿಗೆ ಮೊದಲು ಗೈಡ್ ಬಂದರು. ನನ್ನ ಅವತಾರ ನೋಡಿ, "ತಲಿ ನೋಯ್ಲಿಕತ್ತದೇನ್ರೀ?" ಅಂದರು.

"ಇಲ್ರೀ ಸರ್, ಕೂಡ್ರಿ," ಅಂದೆ. ಮೊದಲೇ ಮಾಡಿಟ್ಟ ಗಾಜನ್ನು ತೋರಿಸಲಿಲ್ಲ. ತೋರಿಸಿದ್ದರೆ ನಸೀಬು ಅಂದುಬಿಡುತ್ತಿದ್ದರು. ಅವರ ಕಣ್ಣೆದುರೇ ಹನಿ ಇಟ್ಟು ಎಳೆದೆ. ಒಣಗುವ ಅಂಚಿನ ಹಿಂದೆಯೇ, ಸಾಲು ಸರಿಯಾಗಿ ಕೂತರಷ್ಟೇ ಕಾಣುವ ಹಸಿರು ಹೊಳಪು ಹರಡುತ್ತ ಬಂತು. ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಒಳಗೆ ಏನು ಕಾಣುತ್ತಿದೆ ಎಂಬುದು ನನಗೆ ನೋಡದೆಯೇ ಗೊತ್ತಿತ್ತು.

"ನಿಮಗ ಹೇಳಿರ್ಲಿಲ್ಲ," ಅಂದರು ಕೊನೆಗೆ. "ಪುಣೆದವ್ರಿಗೂ ಕೊಟ್ಟು ನೋಡ್ದೆ. ಅವ್ರಿಗೂ ಹಿಂಗ ಬಂದಿಲ್ಲ. ನೀವು ಅಲ್ಲಿಗಿ ಹೋಗಿ ಒಂದೀಟು ತೋರಸ್ತೀರೇನ್ರೀ?"

"ಉದಗೀರಕ್ಕ ರೈಲು ಅದ ಅಲ್ರೀ ಸರ್," ಅಂದೆ. "ಅವ್ರನ್ನೇ ಇಲ್ಲಿಗಿ ಕಳಸ್ರೀ. ನಾ ಕಲಿಸ್ತೀನಿ."