ಸೂಜಿಯಕ್ಕ ಮತ್ತು ನಲವತ್ತೆಂಟು ಎಳೆ

ನನ್ನ ಅಕ್ಕನನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಸೂಜಿಯಕ್ಕ ಅಂದರೆ ಸಾಕು, ದೂರವಾಣಿ ಇಲಾಖೆಯ ಕಾವಲುಗಾರ ಕೂತಲ್ಲಿಂದಲೇ ಕೈ ತೋರಿಸುತ್ತಾನೆ. ಇಪ್ಪತ್ತನೇ ವಯಸ್ಸಿನಲ್ಲಿ ತಂತಿ ಜೋಡಿಸುವ ಕೆಲಸ ಕೇಳಿಕೊಂಡು ಹೋದಾಗ ಮೇಲಧಿಕಾರಿ ಮೂಗು ಮುರಿದು, ಸೂಜಿ ದಾರ ಕೈಗಿಟ್ಟು, "ಪೋಣಿಸಮ್ಮ ನೋಡೋಣ" ಅಂದಿದ್ದರಂತೆ. ಅಕ್ಕ ಅವರ ಮುಖವನ್ನೇ ನೋಡುತ್ತಾ ಪೋಣಿಸಿ ಕೊಟ್ಟಳಂತೆ. ಮುಖ ನೋಡುತ್ತಾ ಅನ್ನುವುದಕ್ಕೆ ಆಮೇಲೆ ಉಪ್ಪುಖಾರ ಬೆರೆತಿದೆ ಎಂದು ನನ್ನ ಅನುಮಾನ. ಹೆಸರಂತೂ ಅಂಟಿಕೊಂಡಿತು.

ತಾಮ್ರದ ತಂತಿಯ ಕಾಲ ಹೋಗಿ ಗಾಜಿನ ಎಳೆಯ ಕಾಲ ಬಂತು. ಕೂದಲಿನಷ್ಟು ಸಣ್ಣ ಎಳೆ, ಅದರೊಳಗೆ ಬೆಳಕು ಓಡುತ್ತದೆ. ಒಂದೊಂದು ಕೊಳವೆಯಲ್ಲಿ ಹನ್ನೆರಡು ಎಳೆ, ಹನ್ನೆರಡಕ್ಕೂ ಬೇರೆ ಬೇರೆ ಬಣ್ಣ. ಎರಡು ತುದಿಗಳನ್ನು ಯಂತ್ರ ತಾನೇ ಕರಗಿಸಿ ಬೆಸೆಯುತ್ತದೆ. ಆದರೆ ಯಾವ ಎಳೆಗೆ ಯಾವ ಎಳೆ ಅನ್ನುವುದನ್ನು ಮನುಷ್ಯರ ಕಣ್ಣೇ ಹೇಳಬೇಕು.

ಆ ಕಣ್ಣಿಗೆ ಎರಡು ವರ್ಷದ ಹಿಂದೆ ಪೊರೆ ಬಂತು. ಗೊತ್ತಿದ್ದದ್ದು ಮೂವರಿಗೆ: ಕಣ್ಣಿನ ಡಾಕ್ಟರಿಗೆ, ಅಕ್ಕನಿಗೆ, ನನಗೆ.

ನಾನು ಸೇತುವೆ ಯೋಜನೆಯ ಕಚೇರಿಯಲ್ಲಿ ಗುಮಾಸ್ತ. ನದಿಯ ಈಚೆ ದಡ ನಮ್ಮ ದೇಶ, ಆಚೆ ದಡ ಇನ್ನೊಂದು ದೇಶ. ನಮ್ಮ ಊರು ನಮ್ಮ ವಿದ್ಯುತ್ ಲೈನಿನ ಕಟ್ಟಕಡೆಯಲ್ಲಿದೆ. ಸಂಜೆಯಾದರೆ ಕರೆಂಟು ಹೋಗಲೇಬೇಕು. ಹೆರಿಗೆ ವಾರ್ಡಿನಲ್ಲಿ ನರ್ಸುಗಳು ಟಾರ್ಚ್ ಹಿಡಿದು ಓಡಾಡುತ್ತಾರೆ. ಆಚೆ ದಡದಲ್ಲಿ ಕರೆಂಟು ಧಾರಾಳ. ಹಾಗಾಗಿ ಎರಡೂ ಸರ್ಕಾರಗಳು ಕೂಡಿ ಇಟ್ಟ ನಿಧಿಯಿಂದ ಸೇತುವೆಯ ಕೆಳಗೆ ವಿದ್ಯುತ್ ಕೇಬಲ್ಲು, ಅದರ ಪಕ್ಕದಲ್ಲಿ ನಲವತ್ತೆಂಟು ಗಾಜಿನ ಎಳೆ ಹಾಕುವುದೆಂದಾಯಿತು. ಇಂಟರ್ನೆಟ್ಟು ಓಡುವುದೂ ಆ ಎಳೆಗಳಲ್ಲೇ, ಎರಡು ದಡದ ವಿದ್ಯುತ್ ಕೇಂದ್ರಗಳು ಮಾತಾಡಿಕೊಳ್ಳುವುದೂ ಅವುಗಳಲ್ಲೇ. ಅವು ಮಾತಾಡದೆ ಕರೆಂಟು ಬಿಡುವ ಹಾಗಿಲ್ಲ.

ಜನರ ತೆರಿಗೆಯ ದುಡ್ಡು, ಷರತ್ತುಗಳಿಗೆ ಬರವಿರಲಿಲ್ಲ. ಅರ್ಜಿ ಹಾಕುವಾಗಲೇ ಊರಿನ ಒಬ್ಬ ಪರವಾನಗಿ ಪಡೆದ ಜೋಡಣೆಗಾರರ ಹೆಸರು ಕೊಡಬೇಕು, ಜೊತೆಗೆ ಆ ವರ್ಷದ ಕಣ್ಣಿನ ಪ್ರಮಾಣಪತ್ರ ಲಗತ್ತಿಸಬೇಕು. ಕೆಲಸ ಮುಗಿದ ಮೇಲೆ, ಗೊತ್ತುಪಡಿಸಿದ ದಿನ ಸಂಜೆ ಐದರೊಳಗೆ, ತಪಾಸಣೆಯ ಅಧಿಕಾರಿಯ ಎದುರು ನಲವತ್ತೆಂಟರಲ್ಲೂ ಬೆಳಕು ಅದೇ ಬಣ್ಣದ ಎಳೆಗೆ ಹಾಯಬೇಕು. ಒಂದು ತಪ್ಪಿದರೂ ಉಳಿದ ಹಣ ಸಾಲಿನಲ್ಲಿ ಕಾಯುತ್ತಿರುವ ಬೇರೆ ಗಡಿಯವರ ಪಾಲು.

ಪರವಾನಗಿ ಇದ್ದದ್ದು ಅಕ್ಕನೊಬ್ಬಳಿಗೆ. ಕಣ್ಣಿನ ಆಪರೇಷನ್ ಮಾಡಿಸಿದರೆ ನಿಯಮದ ಪ್ರಕಾರ ಒಂದು ವರ್ಷ ಎಳೆ ಮುಟ್ಟುವಂತಿಲ್ಲ. ನಾನು ಪೊರೆ ಬರುವ ಮೊದಲಿನ ಪ್ರಮಾಣಪತ್ರ ತೆಗೆದು, ತಾರೀಖು ತಿದ್ದಿ, ನೆರಳಚ್ಚು ಮಾಡಿ ಕಡತಕ್ಕೆ ಸೇರಿಸಿದೆ. ಊರಿನ ಒಳ್ಳೆಯದಕ್ಕೇ ಮಾಡಿದೆ ಎಂದುಕೊಂಡೆ. ಇಂಥ ಕೆಲಸ ಮಾಡುವವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ ಎಂದು ಕಾಣುತ್ತದೆ.

"ಕಣ್ಣಿನ ಪ್ರಮಾಣಪತ್ರಕ್ಕೆ ಏನೋ ಮಾಡ್ದೆ?" ಅಂತ ಅಕ್ಕ ಕೇಳಿದಳು.

"ಸರಿ ಮಾಡ್ದೆ ಬಿಡು. ಈ ಕೆಲಸ ಒಂದು ಮುಗೀಲಿ, ಆಮೇಲೆ ಆಪರೇಷನ್."

ಅವಳು ಮತ್ತೆ ಕೇಳಲಿಲ್ಲ. ಅಂದಿನಿಂದ ಕಚೇರಿಯ ಫೋನು ಹೊಡೆದುಕೊಂಡರೆ ಸಾಕು, ಬೇರೆಯವರು ಎತ್ತಲಿ ಎಂದು ಕಾಯುತ್ತಿದ್ದೆ.

ಸೇತುವೆಯ ನಟ್ಟನಡುವೆ, ಗಡಿಯ ಗೆರೆಯ ಮೇಲೇ ಒಂದು ಡೇರೆ ಹಾಕಿ ಜೋಡಣೆ ನಡೆಯಿತು. ಆ ಕಡೆಯಿಂದ ಬಂದ ಜೋಡಣೆಗಾರನನ್ನು ನಾವು ಆಚೆಯಣ್ಣ ಅನ್ನುತ್ತಿದ್ದೆವು; ಉದ್ದನೆಯ ಆಳು, ಮಾತು ಕಡಿಮೆ. ಇಬ್ಬರಿಗೂ ಒಂದು ಪದ್ಧತಿಯಿತ್ತು. ಅವನು ತನ್ನ ಎಳೆ ಎತ್ತಿ ಬಣ್ಣ ಕೂಗಬೇಕು, ಅಕ್ಕ ಅದೇ ಬಣ್ಣ ಕೂಗಿ ತನ್ನ ಎಳೆ ಎತ್ತಬೇಕು. ಎರಡು ಕೂಗು ಕೂಡಿದ ಮೇಲೇ ಯಂತ್ರದ ಗುಂಡಿ ಒತ್ತುವುದು. ಎರಡು ದಿನ ಕೂಗಿದರು. ಕೊನೆಗೆ ಎಲ್ಲವನ್ನೂ ಒಂದು ಕಪ್ಪು ಪೆಟ್ಟಿಗೆಯಲ್ಲಿಟ್ಟು ಎರಡೂ ದೇಶದ ಮೊಹರು ಹಾಕಿದರು. ಅದನ್ನು ತೆರೆಯಬೇಕಾದರೆ ಎರಡೂ ಕಡೆಯ ಒಪ್ಪಿಗೆ ಬೇಕು, ಕಾರಣ ಬರೆದು ಕೊಡಬೇಕು. ಆಚೆ ಕೇಂದ್ರದಲ್ಲಿ ಬೆಳಕು ಬಿಡುವ ಯಂತ್ರ ಇನ್ನೂ ಕೂತಿರಲಿಲ್ಲವಾದ್ದರಿಂದ ಪರೀಕ್ಷೆಯೂ ಕೊನೆಯ ದಿನಕ್ಕೇ ಉಳಿಯಿತು.

ಆ ದಿನಕ್ಕೆ ಇನ್ನು ನಾಲ್ಕು ದಿನ ಇರುವಾಗ ನನ್ನ ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಗಹಾಕುತ್ತಿದ್ದಳು, ನಾನೂ ಅಲ್ಲೇ ಇದ್ದೆ. ಅಕ್ಕ ಇರುವುದು ಪಕ್ಕದ ಮನೆಯಲ್ಲೇ. ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕ ನಿಂತಳು.

"ಅಲ್ಲಮ್ಮಾ, ಹೊಸ ದುಪ್ಪಟಿನ ಇಷ್ಟು ಹಳದಿ ಮಾಡ್ಕೊಂಡಿದ್ದೀಯಲ್ಲ, ಯಾವ ಬಟ್ಟೆ ಜೊತೆ ನೆನೆಸಿದ್ದೆ?"

ಹೆಂಡತಿ ನಕ್ಕಳು. "ಏನು ಅತ್ತಿಗೆ ನೀವು, ಬೆಳ್ಳಗೆ ಹೊಳೀತಿದೆ. ಕನ್ನಡಕ ಒರೆಸ್ಕೊಳ್ಳಿ." ಖಾಲಿ ಬಕೆಟ್ಟು ಎತ್ತಿಕೊಂಡು ಕೆಳಗೆ ಹೋದಳು.

ನಾವಿಬ್ಬರೂ ದುಪ್ಪಟಿಯನ್ನೇ ನೋಡುತ್ತಾ ನಿಂತೆವು.

"ಮೂರನೇ ಕೊಳವೆ," ಅಂದಳು ಅಕ್ಕ. "ಅವತ್ತು ಮೋಡ ಮುಚ್ಚಿತ್ತು. ಬಿಳಿ ಯಾವುದು, ಹಳದಿ ಯಾವುದು ಅಂತ ಎರಡು ಸಲ ನೋಡಿದೆ."

"ಎರಡು ಸಲ ನೋಡಿದ್ಯಲ್ಲ, ಸರಿಯಾಗೇ ಇರುತ್ತೆ."

"ನಾನು ಯಾವತ್ತೂ ಎರಡು ಸಲ ನೋಡಿದವಳಲ್ಲ ಕಣೋ."

"ಆಚೆಯಣ್ಣ ನೋಡಿರ್ತಾನೆ."

"ಅವನು ಬಗ್ಗಿ ತನ್ನ ಎಳೆ ಒರೆಸ್ತಿದ್ದ. ನನ್ನ ಬಾಯಿ ನಂಬಿ ಗುಂಡಿ ಒತ್ತಿದ."

ಅಂದು ರಾತ್ರಿ ಲೆಕ್ಕ ಹಾಕುತ್ತಾ ಕೂತೆ. ಬಿಳಿ ಹಳದಿ ಅದಲುಬದಲಾಗಿದ್ದರೆ ಕೊನೆಯ ದಿನ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಪೆಟ್ಟಿಗೆ ತೆರೆಯಲು ಆಗ ಹೊತ್ತಿರುವುದಿಲ್ಲ. ಈಗಲೇ ತೆರೆಯಿರಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಕಣ್ಣಿನ ಮಾತು ಬರುತ್ತದೆ, ಕಣ್ಣಿನ ಹಿಂದೆಯೇ ನನ್ನ ಪ್ರಮಾಣಪತ್ರ ಬರುತ್ತದೆ. ಸರಿಯಾಗೇ ಇರಬಹುದು, ಇರಬಹುದು ಎಂದು ಮನಸ್ಸಿನಲ್ಲೇ ಜಪ ಮಾಡಿದೆ. ನನ್ನಂಥ ಪುಕ್ಕಲರಿಗೆ ಗೊತ್ತಿರುವುದು ಅಷ್ಟೇ.

ಮರುದಿನ ಬೆಳಿಗ್ಗೆ ಅಕ್ಕ ನೇರ ನನ್ನ ಮೇಜಿಗೆ ಬಂದು ಕುರ್ಚಿ ಎಳೆದುಕೊಂಡಳು.

"ಕಾಗದ ಟೈಪ್ ಮಾಡು. ಪೆಟ್ಟಿಗೆ ತೆರೀಬೇಕು."

ನಾನು 'ತಾಂತ್ರಿಕ ಕಾರಣಗಳಿಂದಾಗಿ' ಎಂದು ಶುರು ಮಾಡಿದೆ. ಅಕ್ಕ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿದಳು.

"ಯಾವ ತಾಂತ್ರಿಕಾನೋ? ಕಣ್ಣು ಅಂತ ಬರಿ. ಎರಡು ವರ್ಷದಿಂದ ಪೊರೆ ಇದೆ, ಬಿಳಿ ಹಳದಿ ಗೊತ್ತಾಗಲ್ಲ ಅಂತ ಬರಿ."

"ಅಕ್ಕ, ಕೆಲಸ ಹೋಗುತ್ತೆ."

"ನನ್ನ ಕೆಲಸ, ನಾನು ನೋಡ್ಕೋತೀನಿ. ಲೈನ್ ಹೋದ್ರೆ ಊರಿಗೆ ಯಾರು ಉತ್ತರ ಹೇಳ್ತಾರೆ?"

"ಮತ್ತೆ ಪ್ರಮಾಣಪತ್ರ..."

"ಅದು ನನ್ನ ಬಾಯಲ್ಲಿ ಬರಲ್ಲ. ಅದು ನಿನ್ನ ಸಾಲು. ಬರೆಯೋದು ಬಿಡೋದು ನಿನಗೆ ಬಿಟ್ಟಿದ್ದು."

ಅವಳ ಸಾಲುಗಳನ್ನು ಟೈಪ್ ಮಾಡಿದೆ. ನನ್ನ ಸಾಲು ಬರೆಯಲಿಲ್ಲ. ಅವಳು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಕೊನೆಯವರೆಗೂ ಓದಿ, ರುಜು ಹಾಕಿ ಎದ್ದು ಹೋದಳು.

ಆಚೆ ದಡದ ಒಪ್ಪಿಗೆ ಬರಲು ಎರಡು ದಿನ ಹಿಡಿಯಿತು. ಆ ಎರಡು ದಿನ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಕೊನೆಯ ದಿನದ ಬೆಳಿಗ್ಗೆ ಮತ್ತೆ ಡೇರೆ ಎದ್ದಿತು. ತಪಾಸಣೆಯ ಅಧಿಕಾರಿಣಿ ಗಡಿಯಾರ ನೋಡುತ್ತಾ ನಿಂತಿದ್ದರು. ಅಕ್ಕನಿಗೆ ಮುಟ್ಟಲು ಅನುಮತಿ ಇರಲಿಲ್ಲ. ಡೇರೆಯ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಳು. ಆಚೆಯಣ್ಣ ಮೊಹರು ಒಡೆದು, ಮೂರನೇ ಕೊಳವೆಯ ಎಳೆಗಳನ್ನು ಸುತ್ತಿಟ್ಟ ತಟ್ಟೆ ಬಿಚ್ಚಿ, ದೀಪ ಹಿಡಿದು ಒಂದೊಂದೇ ಎಳೆ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಉಳಿದ ಮೂರು ತಟ್ಟೆಗಳನ್ನೂ ನೋಡಿದ.

"ಎಲ್ಲಾ ಸರಿ ಇದೆ," ಅಂದ. "ನಲವತ್ತೆಂಟೂ."

ಅಕ್ಕ ತಲೆಯಾಡಿಸಿದಳು, ಅಷ್ಟೇ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಅಧಿಕಾರಿಣಿ ಮುಂದೆ ಹೋಗುತ್ತಲೇ ಅಕ್ಕನ ಕಿವಿಯಲ್ಲಿ ಉಸುರಿದೆ: "ನೋಡ್ದ್ಯಾ? ಬಾಯಿ ಮುಚ್ಕೊಂಡಿದ್ರೆ ಏನೂ ಆಗ್ತಿರ್ಲಿಲ್ಲ!"

"ನೀನು ಮುಚ್ಕೊಂಡಿದ್ದೀಯಲ್ಲ," ಅಂದಳು ಅಕ್ಕ, "ನಿನಗೆ ನೆಮ್ಮದಿ ಇದ್ಯಾ?"

ಸಂಜೆ ನಾಲ್ಕೂಮುಕ್ಕಾಲಿಗೆ ಕೊನೆಯ ಎಳೆಯಲ್ಲೂ ಬೆಳಕು ಹಾಯಿತು. ನಿಧಿ ಉಳಿಯಿತು. ಅಧಿಕಾರಿಣಿ ಕಡತ ಮುಚ್ಚುವ ಮೊದಲು ಅಕ್ಕನ ಪರವಾನಗಿ ಚೀಟಿ ಇಸಿದುಕೊಂಡು, "ಕೆಲಸ ಸರಿಯಾಗಿದೆ, ಹಣಕ್ಕೆ ತೊಂದರೆ ಇಲ್ಲ. ಆದ್ರೆ ಪೊರೆ ಇರೋರ ಹೆಸರಲ್ಲಿ ಕಣ್ಣು ಚೆನ್ನಾಗಿದೆ ಅನ್ನೋ ಪ್ರಮಾಣಪತ್ರ ಹೇಗೆ ಬಂತು? ಇದನ್ನ ನೀವೇ ತಂದು ಕೊಟ್ರಾ?" ಎಂದು ಕೇಳಿದರು. ಅಕ್ಕ ನನ್ನ ಕಡೆ ತಿರುಗಲಿಲ್ಲ. ನೆಲ ನೋಡುತ್ತಾ ಸುಮ್ಮನೆ ನಿಂತಳು. ಮೂವತ್ತೇಳು ವರ್ಷ ಒಂದು ಎಳೆಯನ್ನೂ ಹಾಳು ಮಾಡದವಳು ಕಳ್ಳಿಯ ಹಾಗೆ ನಿಂತಿದ್ದಳು. ಅಧಿಕಾರಿಣಿ ಏನೋ ಬರೆದುಕೊಂಡರು. ನಾನು ಫೋನು ನೋಡುವವನಂತೆ ಬೆನ್ನು ತಿರುಗಿಸಿದೆ.

ಆ ಸಂಜೆ ಎಂದಿನಂತೆ ಕರೆಂಟು ಹೋಯಿತು. ನಾವು ಎಣಿಸುತ್ತಾ ಕೂತೆವು. ಐದು ನಿಮಿಷವಾಗಿರಬೇಕು, ಆಚೆ ದಡದ ಕರೆಂಟು ಬಂತು. ಬೀದಿಯುದ್ದಕ್ಕೂ ಮಕ್ಕಳು ಹೋ ಎಂದು ಕಿರುಚಿದರು. ಅಕ್ಕನ ಅಡುಗೆಮನೆಯ ಬಲ್ಬು ಹೊತ್ತಿಕೊಂಡಿತು. ಅವಳು ತಲೆಯೆತ್ತಿ ಅದನ್ನೇ ನೋಡಿದಳು.

"ಯಾವ ಬಣ್ಣದ ಬೆಳಕೋ ಇದು?"

"ಬಿಳಿ, ಅಕ್ಕ. ಅಚ್ಚ ಬಿಳಿ."

ಅವಳು ನನ್ನ ಕಡೆ ತಿರುಗಿದಳು. ಕುಹಕ ಇರಲಿಲ್ಲ, ಕೋಪವೂ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವಂತೆ ಕೇಳಿದಳು.

"ನಿಜ ಹೇಳ್ತಿದ್ದೀಯಾ?"

ಬೆಳಿಗ್ಗೆ ಯಾರೂ ಬರುವ ಮೊದಲೇ ಕಚೇರಿಗೆ ಹೋಗಿ, ಕಂಪ್ಯೂಟರ್ ಹಾಕಿ, ಅಕ್ಕನ ಕಾಗದವನ್ನು ತೆರೆದೆ. ಒಂದು ಸಾಲು ಟೈಪ್ ಮಾಡುವುದಕ್ಕೆ ಮೂರು ಸಲ ತಿದ್ದಬೇಕಾಯಿತು. ಪ್ರಮಾಣಪತ್ರದ ತಾರೀಖು ತಿದ್ದಿದವನು ನಾನು, ಅದರಲ್ಲಿ ನನ್ನ ಅಕ್ಕನ ಕೈ ಇರಲಿಲ್ಲ ಎಂದು ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ ಅಧಿಕಾರಿಣಿಗೆ ಕಳಿಸಿದೆ.