ತುಂಗತ್ತೆಯ ಕೈಮಾತು

ಒಂಬತ್ತು ತಿಂಗಳ ಮರಿಮಗಳು ನಿನ್ನೆ ಗೋಡೆಯ ಮೇಲಿನ ಹಲ್ಲಿಯತ್ತ ಬೆರಳು ಚಾಚಿ ನನ್ನ ಮುಖ ನೋಡಿದಳು. ಬಾಯಲ್ಲಿನ್ನೂ ಒಂದು ಮಾತಿಲ್ಲ. ಆದರೂ ‘ಅದನ್ನು ನೋಡು’ ಎಂದಳಲ್ಲ! ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ವಿಕಾಸದ ಹಾದಿಯಲ್ಲಿ ಧ್ವನಿಪೆಟ್ಟಿಗೆ ಗಂಟಲಲ್ಲಿ ಕೆಳಗಿಳಿಯಿತು, ನಾಲಿಗೆಗೆ ಹೊರಳಲು ಜಾಗ ಸಿಕ್ಕಿತು, ಮನುಷ್ಯನಿಗೆ ಮಾತು ಬಂತು ಎಂದು ಹಲಗೆಯ ಮೇಲೆ ಚಿತ್ರ ಬರೆದು ಬರೆದು ಸೀಮೆಸುಣ್ಣ ಸವೆಸಿದ್ದೇನೆ. ಬಾಯಿಗಿಂತ ಮೊದಲು ಕೈ ಮಾತಾಡಿರಬೇಕು ಎನ್ನುವವರೂ ಇದ್ದಾರೆ. ಅವರನ್ನು ಪಾಠದ ಕೊನೆಗೆ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. ತುಂಗತ್ತೆಯ ಕೈಯಲ್ಲಿ ಬೆಳೆದವಳು ಹಾಗೆ ಮಾಡಬಾರದಿತ್ತು.

ತುಂಗತ್ತೆ ನನ್ನಪ್ಪನ ಅಕ್ಕ. ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತು ಬಾರದು. ನಿಜಾಮನ ಸೀಮೆಯ ಮಕ್ತಲ್‌ನಲ್ಲಿ ನಮ್ಮ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು. ಅವಳಿಗೆ ಮೂರೂ ಒಂದೇ. ಪಕ್ಕದ ಮನೆಯ ಖೈರೂನ್‌ಬಿಯ ಜೊತೆ ಹಿತ್ತಲ ಗೋಡೆಯ ಮೇಲಿಂದ ದಿನವಿಡೀ ಕೈಮಾತು. ನಮಗೆ ಕೇಳಿಸುತ್ತಿದ್ದುದು ನಗು ಮಾತ್ರ.

ಪೊಲೀಸ್ ಆ್ಯಕ್ಷನ್ ನಡೆದು, ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿದಾಗ ನನಗೆ ಆರು ವರ್ಷ. ತಹಸೀಲಿನ ಜವಾನನಾಗಿದ್ದ ಖೈರೂನ್‌ಬಿಯ ಗಂಡ ಊರಲ್ಲಿರಲಿಲ್ಲ. ಊರಲ್ಲಿ ಮುಸಲ್ಮಾನರ ಮೇಲೆ ಸೇಡಿನ ಮಾತೆದ್ದಿತು. ಅತ್ತೆ ಯಾರನ್ನೂ ಕೇಳದೆ ಅವಳನ್ನು ಕೈಹಿಡಿದು ತಂದು ದೇವರಕೋಣೆಯಲ್ಲಿ ಕೂರಿಸಿದಳು. ಗುಡಿಯ ಅರ್ಚಕರಾಗಿದ್ದ ನನ್ನಜ್ಜ, ಮಡಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅಂದು ನೋಡಿಯೂ ತಡೆಯಲಿಲ್ಲ.

ಮಧ್ಯಾಹ್ನ ನಾಲ್ಕು ಜನ ಬಡಿಗೆ ಹಿಡಿದು ಬಂದರು.

“ಆಚಾರ್ರ, ಖೈರೂನ್‌ಬಿ ನಿಮ್ಮ ಮನ್ಯಾಗ ಅದಾಳಂತಲ್ರೀ? ಒಳಗ ನೋಡಾಕ ಬಿಡ್ರಿ.”

ಅಜ್ಜ ಸುಳ್ಳಾಡಿದವರಲ್ಲ. ಬಾಯಿ ತೆರೆದರು, ಹೌದೂ ಬರಲಿಲ್ಲ, ಇಲ್ಲವೂ ಬರಲಿಲ್ಲ. ಅತ್ತೆ ಅವರನ್ನು ಸರಿಸಿ ಮುಂದೆ ಬಂದಳು. ಒಳಗೆ ಕೈ ತೋರಿಸಿದಳು, ಮಗುವಿನ ಎತ್ತರ ಅಳೆದಳು, ತನ್ನ ಕೆನ್ನೆ ಹಣೆಯ ತುಂಬ ಬೆರಳ ತುದಿಯಿಂದ ಚುಕ್ಕೆ ಇಟ್ಟು ಬೇವಿನ ಸೊಪ್ಪು ಬೀಸಿದಂತೆ ಮಾಡಿದಳು.

“ಕೂಸಿಗೆ ಮೈಲಿ ಎದ್ದೈತಿ! ನಡೀರಪ್ಪೋ!”

ಅವರಲ್ಲೊಬ್ಬ ಕೂಗಿದ. ಸಿಡುಬಿನ ಭಯಕ್ಕೆ ನಾಲ್ವರೂ ಓಡಿದರು. ಆ ಕೂಸು, ಅಂದರೆ ನಾನು, ಬಾಗಿಲ ಹಿಂದೆ ಬೆಲ್ಲ ಮೆಲ್ಲುತ್ತಿದ್ದೆ.

ಅಜ್ಜ ಅಲ್ಲಿಯವರೆಗೆ ಮಗಳಿಗೆ ಒಂದು ಸನ್ನೆಯನ್ನೂ ಮಾಡಿದವರಲ್ಲ; ಎಲ್ಲವನ್ನೂ ಅಜ್ಜಿಯ ಕೈಯಿಂದಲೇ ಹೇಳಿಸುತ್ತಿದ್ದರು. ಅಂದು ಅವಳೆದುರು ಎರಡೂ ಕೈ ಮುಗಿದರು. ಅತ್ತೆ ಗಾಬರಿಯಾಗಿ ಆ ಕೈಗಳನ್ನು ಹಿಡಿದು ಬಿಡಿಸಿದಳು.

ಎಂಟು ದಿನದ ಮೇಲೆ ಗಂಡ ಬಂದು ಖೈರೂನ್‌ಬಿಯನ್ನು ಗದ್ವಾಲಕ್ಕೆ ಕರೆದೊಯ್ದ. ಎಷ್ಟೋ ವರ್ಷಗಳ ನಂತರ ಅತ್ತೆ ತೀರಿಕೊಂಡಾಗ ಅವಳು ಬಸ್ಸಿನಲ್ಲಿ ಬಂದಳು. ನಾವೆಲ್ಲ ದನಿ ತೆಗೆದು ಅಳುತ್ತಿದ್ದೆವು. ಅವಳು ಅಳಲಿಲ್ಲ, ಪಕ್ಕದಲ್ಲಿ ಕೂತು, ಮುಚ್ಚಿದ ಆ ಕಣ್ಣುಗಳ ಮುಂದೆ ಬಹಳ ಹೊತ್ತು ಕೈಯಲ್ಲೇ ಮಾತಾಡಿದಳು. ನನಗೆ ಅರ್ಧವೂ ತಿಳಿಯಲಿಲ್ಲ.

ಈಗ ಖೈರೂನ್‌ಬಿಯೂ ಇಲ್ಲ. ಇಬ್ಬರೇ ಹುಟ್ಟಿಸಿ ಬೆಳೆಸಿದ ಭಾಷೆ. ನೆನಪಿರುವ ಐದಾರು ಸನ್ನೆಗಳನ್ನಾದರೂ ಬರೆದಿಡೋಣವೆಂದು ಇವತ್ತು ಬೆಳಿಗ್ಗೆ ಕೂತೆ. ಒಂದೂ ಬರೆಯಲಾಗಲಿಲ್ಲ. ಪೆನ್ನು ಕೆಳಗಿಟ್ಟು, ಸೊಸೆಯನ್ನು ಕರೆದು ಎದುರಿಗೆ ಕೂರಿಸಿಕೊಂಡು, ಮೊದಲ ಸನ್ನೆ ತೋರಿಸಲು ಕೈ ಎತ್ತಿದೆ.