ಗೇಟಿನ ಪಕ್ಕದ ಎಕ್ಕ

ಅತ್ತೆಯ ಬಿಳಿ ಸೀರೆಗಳಲ್ಲಿ ಕಲೆಯಿಲ್ಲದ್ದು ಒಂದೂ ಇರಲಿಲ್ಲ. ರಕ್ತದ ಕಲೆಯಾದರೆ ತಣ್ಣೀರಿಗೆ ಉಪ್ಪು ಹಾಕಿ ನೆನೆಸಿ ತೆಗೆದುಬಿಡುತ್ತಿದ್ದಳು, ಸರ್ಕಾರಿ ನರ್ಸಿಗೆ ಅದೇನೂ ದೊಡ್ಡ ವಿದ್ಯೆಯಲ್ಲ. ಹೋಗದೆ ಉಳಿಯುತ್ತಿದ್ದದ್ದು ಎಕ್ಕದ ಹಾಲಿನ ಕಲೆ. ಸೊಂಟದ ಹತ್ತಿರ, ಸೆರಗಿನ ತುದಿಯಲ್ಲಿ, ಕಾಫಿ ಚೆಲ್ಲಿಕೊಂಡವಳಂತೆ ಕಾಣುತ್ತಿದ್ದಳು. ಅದರಲ್ಲೇ ಡ್ಯೂಟಿಗೂ ಹೋಗುತ್ತಿದ್ದಳು. ಯಾರಾದರೂ ಕಲೆಯ ಕಡೆ ನೋಡಿದರೆ, "ಒಗ್ದಿರೋದೇ ಕಣಮ್ಮ, ಬೇಕಾರೆ ಮೂಸ್ ನೋಡು" ಅನ್ನುತ್ತಿದ್ದಳು.

ಅವಳು ನಮ್ಮಪ್ಪನ ಅಕ್ಕ. ಗಾವಡಗೆರೆ ಸುತ್ತಮುತ್ತಲ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವುದೇ ಅವಳ ಕೆಲಸ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಬ್ಯಾಡ ಅನ್ನುಸ್ತು" ಎಂದಷ್ಟೇ ಹೇಳಿ ಅವರ ಮಕ್ಕಳ ಚುಚ್ಚುಮದ್ದಿನ ವಿಚಾರಕ್ಕೆ ಹೋಗುತ್ತಿದ್ದಳು. ತೊಂಬತ್ತರ ದಶಕದ ಶುರುವಿನಲ್ಲಿ ಹುಣಸೂರಿನ ಅಂಚಿನಲ್ಲಿ ಒಂದು ಸೈಟು ತೆಗೆದುಕೊಂಡು ಮನೆ ಕಟ್ಟಿಸಿದಳು. ಗುದ್ದಲಿ ಹಾಕಿದರೆ ಠಣ್ ಎನ್ನುವ ಗೊರಚು ನೆಲ. ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ಬೀದಿಯವರೆಲ್ಲ ಗುಲಾಬಿ, ಹುಲ್ಲುಹಾಸು ಅಂತ ಹಾಕಿ ಶಿವರಾತ್ರಿ ಕಳೆಯುವುದರೊಳಗೆ ಒಣಗಿಸಿ ಕೂರುತ್ತಿದ್ದರು.

ಅತ್ತೆ ಆ ತಂಟೆಗೇ ಹೋಗಲಿಲ್ಲ. ಹಳ್ಳಿ ಸುತ್ತಿ ಬರುವಾಗ ಔಷಧಿ ಚೀಲದಲ್ಲಿ ತಂಗಡಿ ಬೀಜ, ಲಕ್ಕಿಯ ಕಡ್ಡಿ, ಬೇಲಿಸಾಲಿನ ಗೋರಂಟಿ ತುಂಬಿಕೊಂಡು ಬರುತ್ತಿದ್ದಳು. ತಂಗಡಿಯನ್ನು ಕಿತ್ತು ತಂದು ನೆಟ್ಟರೆ ಬದುಕುವುದಿಲ್ಲವೆಂದು ಬೀಜವನ್ನು ಬಿಸಿನೀರಲ್ಲಿ ನೆನೆಸಿ, ಮುಂಗಾರು ಹಿಡಿದ ಮೇಲೆ ಊರುತ್ತಿದ್ದಳು. ಮಳೆನೀರು ನಿಲ್ಲಲೆಂದು ಬುಡದ ಇಳಿಜಾರು ಬದಿಗೆ ಕಲ್ಲುಗಳನ್ನು ಅರ್ಧಚಂದ್ರದಂತೆ ಜೋಡಿಸುತ್ತಿದ್ದಳು. ಶಾಲೆಯ ಗ್ರೂಪ್ ಫೋಟೋಗೆ ನಿಲ್ಲಿಸುವ ಹಾಗೆ ಹಿಂದೆ ನೀಲಿ ಹೂವಿನ ಲಕ್ಕಿ, ಮಧ್ಯದಲ್ಲಿ ಹಳದಿ ತಂಗಡಿ, ಮುಂದೆ ಕೆಂಪು ಕೇಪಳ ಮತ್ತು ಗೋರಂಟಿ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಹೂ ಬಿಡುತ್ತಿತ್ತು. ನಾನು ನೀರಿನ ಚೊಂಬು ಹಿಡಿದು ಹೋದರೆ ತಡೆಯುತ್ತಿದ್ದಳು.

"ಮೊದ್ಲು ವರ್ಸ ಮಗೀಗೂ ಗಿಡಕ್ಕೂ ಆರೈಕೆ ಬೇಕು ಕಣೆ. ಆಮೇಲೆ ಮೈಮ್ಯಾಲೆ ಬಿದ್ಕಂಡಿರ್ಬಾರ್ದು."

ಇಷ್ಟೇ ಆಗಿದ್ದರೆ ಊರವರು ಮೆಚ್ಚಿಕೊಂಡು ಸುಮ್ಮನಿರುತ್ತಿದ್ದರು. ಆದರೆ ಗೇಟಿನ ಪಕ್ಕದಲ್ಲೇ ಅವಳು ಎಕ್ಕವನ್ನು ಬೆಳೆಸಿದ್ದಳು. ನಮ್ಮ ಕಡೆ ಎಕ್ಕ ಸ್ಮಶಾನದ ದಾರಿಯ ಗಿಡ. ಮದುವೆಯಾಗದೆ ಸತ್ತವರನ್ನು ಹಾಗೇ ಹೂಳುವುದಿಲ್ಲ. ಹೂತರೆ ಜೀವ ಅಲೆಯುತ್ತದೆಂದು ಹೆಣಕ್ಕೂ ಎಕ್ಕದ ಗಿಡಕ್ಕೂ ಅರಿಶಿನ ಹಚ್ಚಿ, ದಾರ ಕಟ್ಟಿ, ಮದುವೆ ಮಾಡಿಸಿ ಕಳಿಸುತ್ತಾರೆ. ಅಂಥದ್ದನ್ನು ಮನೆ ಮುಂದೆ ಇಟ್ಟುಕೊಂಡವಳ ಬಗ್ಗೆ ಜನ ಏನೆಲ್ಲ ಅಂದರೋ. ನನ್ನ ಅಜ್ಜಿ, ಅಂದರೆ ಅತ್ತೆಯ ತಾಯಿ, ಮಗಳ ಮನೆಗೆ ಬಂದಾಗಲೆಲ್ಲ ಹಿಂದಿನ ಓಣಿಯಿಂದಲೇ ಬರುತ್ತಿದ್ದಳು. ಗೇಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಕಾರಣ ನನಗೆ ಗೊತ್ತಾದದ್ದು ಕಾಲೇಜು ಓದಲು ಅತ್ತೆಯ ಮನೆಯಲ್ಲಿದ್ದಾಗ. ಅಜ್ಜಿಯ ಹಿರಿಮಗ ಹರೆಯದಲ್ಲೇ ಜ್ವರದಿಂದ ಹೋಗಿಬಿಟ್ಟಿದ್ದ. ಅವನಿಗೂ ಎಕ್ಕದ ಮದುವೆಯಾಗಿತ್ತು.

"ಗಿಡಕ್ಕೆ ಅರಿಸಿನ ಹಚ್ಚಿದ್ದು ನಾನೇಯ. ಲಂಗ ಹಾಕ್ಕಂಡು ಓಡಾಡೋ ವಯಸ್ಸು. ಮದ್ವೆ ಮುಗೀತಿದ್ದಂಗೆ ಕಡ್ದಾಕುದ್ರು. ಆಲು ಸುರೀತಾನೇ ಇತ್ತು" ಎಂದಳು ಅತ್ತೆ. "ಅದ್ಕೇ ಇಲ್ಲಿ ಮಡಗಿವ್ನಿ. ಒಂದಾದ್ರೂ ಸುಮ್ನೆ ಗಿಡ ಆಗಿ ಇರ್ಲಿ ಅಂತ."

ಅಪ್ಪನಿಗೆ ಅವಳು ಮೊದಲೇ ಹೇಳಿಟ್ಟಿದ್ದಳಂತೆ, ತಾನು ಸತ್ತಾಗ ತನಗೆ ಆ ಮದುವೆ ಬೇಡವೆಂದು. ಅಪ್ಪ "ಆಯ್ತು ಬುಡಕ್ಕ" ಅಂದಿದ್ದ. ಕೇಳಿಸಿಕೊಳ್ಳದವರು ಹೇಳುವ ಆಯ್ತು ಅದು. ಅತ್ತೆಗೂ ಅದು ತಿಳಿದಿತ್ತು.

ಒಂದು ದಿನ ಬೆಳಿಗ್ಗೆ ಒಬ್ಬ ಹೆಂಗಸು ಗೇಟಿನ ಹೊರಗೆ ಬಂದು ನಿಂತಳು. ಲಾರಿಯಲ್ಲಿ ಕ್ಲೀನರಾಗಿದ್ದ ಅವಳ ಮಗ ಹಿಂದಿನ ದಿನ ರಸ್ತೆಯಲ್ಲಿ ತೀರಿಕೊಂಡಿದ್ದ. ಸುತ್ತಲ ಬೀಳುಗಳೆಲ್ಲ ಸೈಟುಗಳಾಗಿ ಎಕ್ಕ ಎಲ್ಲೂ ಸಿಗುತ್ತಿರಲಿಲ್ಲ.

"ನರ್ಸಮ್ಮೋರೆ, ನಿಮ್ ಕೈಲೇ ಉಟ್ಟಿದ್ದು ಅವ್ನು. ಒಂದ್ ರೆಂಬೆ ಕೊಡಿ. ನನ್ ಮಗ ಒಂಟಿಯಾಗ್ ಓಗದ್ ಬ್ಯಾಡ."

ಅತ್ತೆ ಒಳಗಿನಿಂದ ಕುಡುಗೋಲು ತಂದು, ಹೂವಿದ್ದ ರೆಂಬೆಯನ್ನೇ ಆರಿಸಿ ಕೊಯ್ದು ಕೊಟ್ಟಳು. ಆ ದಿನವೆಲ್ಲ ಊಟ ಮಾಡಲಿಲ್ಲ. ನನಗೆ ಸಿಟ್ಟು ಬಂದಿತ್ತು. ಅಷ್ಟೆಲ್ಲ ಹೇಳುವವಳು ನೀನೇ ಯಾಕೆ ಕೊಟ್ಟೆ ಎಂದು ಸಂಜೆ ಕೇಳಿಯೇಬಿಟ್ಟೆ.

"ಎತ್ತೋಳು ಬಾಗ್ಲಲ್ಲಿ ಬಂದು ನಿಂತ್ಕಂಡ್ರೆ ವಾದ ಮಾಡಕ್ಕಾಯ್ತದಾ?" ಅಂದಳು. ಆಮೇಲೆ ಹೇಳಿದಳು, "ಆದ್ರೆ ನಂಗೆ ಮಾತ್ರ ಮಾಡುಸ್ಬ್ಯಾಡ ಕಣೆ. ಬದ್ಕಿದ್ದಾಗ ಒಲ್ಲೆ ಅಂದೋಳು ಸತ್ತ್ ಮ್ಯಾಲೆ ಒಪ್ಕಂಡೇನಾ? ನಿಮ್ಮಪ್ಪ ಮರೀತಾನೆ. ನೀನ್ ಹೇಳು."

ಡಿಗ್ರಿ ಮುಗಿಯುತ್ತಿದ್ದಂತೆ ನನಗೆ ಗಂಡು ಹುಡುಕತೊಡಗಿದರು. ನಾನು ಒಲ್ಲೆ ಎಂದ ಮೇಲೆ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಅತ್ತೆ ಬಸ್ಸು ಹತ್ತಿ ಊರಿಗೆ ಬಂದು ಅಪ್ಪನೆದುರು ಕೂತಳು. "ಅವ್ಳು ಮೊದ್ಲು ಕೆಲ್ಸಕ್ಕೆ ಸೇರ್ಲಿ. ಆಮೇಲೆ ಮದ್ವೆ ಅವ್ಳಿಷ್ಟ" ಎಂದು ನನ್ನ ಬಟ್ಟೆ ಚೀಲ ಎತ್ತಿಕೊಂಡು ನನ್ನನ್ನು ಕರೆದುಕೊಂಡು ಹೊರಟಳು. ಇವತ್ತು ನಾನು ಟೀಚರಾಗಿ ನನ್ನ ಅನ್ನ ನಾನು ತಿನ್ನುತ್ತಿದ್ದರೆ ಅದು ಅವಳು ಇಟ್ಟ ಅನ್ನ.

ಅತ್ತೆ ಎದೆನೋವೆಂದು ಆಸ್ಪತ್ರೆ ಸೇರಿ ಮಾರನೆಯ ದಿನವೇ ಹೋಗಿಬಿಟ್ಟಳು. ಆಗಿನ್ನೂ ರಿಟೈರಾಗಿರಲಿಲ್ಲ. ದೀಪಾವಳಿ ಕಳೆದಿತ್ತು. ಅಂಗಳದ ತುಂಬ ತಂಗಡಿ, ಗೋರಂಟಿ ಹೂವು. ಅವಳನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಅಷ್ಟರಲ್ಲಿ ಚಿಕ್ಕಪ್ಪ ಮಚ್ಚು ಹಿಡಿದು ಗೇಟಿನ ಕಡೆ ನಡೆದ. ನಾನು ಓಡಿಹೋಗಿ ಎಕ್ಕಕ್ಕೆ ಅಡ್ಡ ನಿಂತೆ. ಅತ್ತೆ ಹೇಳಿದ್ದನ್ನು ಅವಳ ಮಾತಿನಲ್ಲೇ, ಒಂದಕ್ಷರ ಬಿಡದೆ, ಎಲ್ಲರಿಗೂ ಕೇಳುವಂತೆ ಹೇಳಿದೆ. ಅಪ್ಪ ನೆಲ ನೋಡುತ್ತಿದ್ದ.

ಆಗ ಊರಿಂದ ಅಜ್ಜಿಯನ್ನು ಕರೆತಂದ ಜೀಪು ಬಂತು. ಅಜ್ಜಿ ಓಣಿಯ ಕಡೆ ಹೋಗಲಿಲ್ಲ. ಕೋಲೂರಿಕೊಂಡು ಗೇಟಿನಿಂದಲೇ ಬಂದು ಎಕ್ಕದ ಮುಂದೆ ನಿಂತಳು. ನಾನು ಅದೇ ಮಾತನ್ನು ಅವಳಿಗೂ ಹೇಳಿದೆ.

"ಕೇಳುಸ್ತು ಕಣೆ. ಅವ್ಳು ಅಂಗೇ ಅನ್ನೋಳು" ಅಂದಳು ಅಜ್ಜಿ. "ಊರ್ ಮಕ್ಳನ್ನೆಲ್ಲ ಕೈಲಿ ಇಡುದ್ಲು. ಒಂದ್ನಾದ್ರೂ ತನ್ ಒಟ್ಟೇಲಿ ಎತ್ತಿದ್ಲಾ? ಎತ್ತೋಳ್ ಸಂಕಟ ಅವ್ಳಿಗೇನ್ ಗೊತ್ತು."

ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದಳು. "ಮಚ್ಚು ಒಳೀಕ್ ಮಡಗು. ಕಡೀಬ್ಯಾಡ. ಅವ್ಳನ್ನೇ ಇಲ್ಲೀಗ್ ತನ್ನಿ."

ಅತ್ತೆಯನ್ನು ಗಿಡದ ಹತ್ತಿರಕ್ಕೆ ತಂದರು. ಅಜ್ಜಿ ಮಗಳ ಕೆನ್ನೆಗೂ ಎಕ್ಕದ ಕಾಂಡಕ್ಕೂ ಅರಿಶಿನ ಹಚ್ಚಿದಳು. ದಾರ ಕಟ್ಟಲು ಎಟುಕದೆ, "ರೆಂಬೆ ಬಗ್ಸು ಮಗ" ಎಂದು ನನ್ನನ್ನು ಕೇಳಿದಳು. ನಾನು ಬಗ್ಗಿಸಿ ಹಿಡಿದುಕೊಂಡೆ. ಒಂದೆರಡು ಎಲೆ ಮುರಿದು ನನ್ನ ಸೆರಗಿನ ಮೇಲೆ ಹಾಲು ಬಿತ್ತು.

ಅತ್ತೆಯ ಮಾತು ನಡೆಯಲಿಲ್ಲ. ಗಿಡ ಉಳಿಯಿತು. ಇದನ್ನು ಏನೆಂದು ಸಮಾಧಾನ ಮಾಡಿಕೊಳ್ಳಲಿ ಎನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ. ಆ ಮನೆಯಲ್ಲಿ ಈಗ ನಾನೇ ಇದ್ದೇನೆ. ನಾನೂ ಮದುವೆಯಾಗಲಿಲ್ಲ.

ಮೊನ್ನೆ ಅಣ್ಣನ ಮಗಳು ಬಂದಿದ್ದಳು. ಗೇಟಿನ ಹತ್ತಿರ ಕೂರಿಸಿಕೊಂಡು ಅತ್ತೆಯ ಕಥೆಯೆಲ್ಲ ಹೇಳಿ, ನನಗೂ ಆ ಮದುವೆ ಬೇಡ, ನೀನಾದರೂ ನೋಡಿಕೋ ಎಂದೆ. ಅವಳು ನನ್ನ ಸೆರಗಿನ ಕಲೆಯನ್ನು ಉಗುರಲ್ಲಿ ಕೆರೆಯುತ್ತಾ, "ಆಯ್ತು ಬಿಡತ್ತೆ" ಅಂದಳು.

ಥೇಟ್ ನಮ್ಮಪ್ಪನ ದನಿ.